ಥೋರಿಯಂ ಗಡಿಯಾರದ ಸಿಮ್ಯುಲೇಷನ್: ಎಲ್ಲಿಗೆ ಬಂತು

ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ನಾನು ಲೇಸರ್ ಕಟ್ಟುತ್ತಿಲ್ಲ. 2024ರಲ್ಲಿ ವಿಯೆನ್ನಾದವರು ಬೆಳೆಸಿದ ಹರಳಿಗೆ ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ ಲೇಸರ್ ಹಾಯಿಸಿ, ಥೋರಿಯಂ-229ರ ನ್ಯೂಕ್ಲಿಯಸ್ಸನ್ನು ಎಬ್ಬಿಸಿದರಲ್ಲ (ಅಂದರೆ ಮೇಲಿನ ಶಕ್ತಿ ಸ್ಥಿತಿಗೆ ಏರಿಸಿದರಲ್ಲ), ಆ ಪ್ರಯೋಗವನ್ನು ಪೈಥಾನ್‌ನಲ್ಲಿ ಮಾಡಿ ನೋಡುತ್ತಿದ್ದೇನೆ. ಕೇರಳದ ಮರಳಲ್ಲಿ ಥೋರಿಯಂ ಇದೆಯಲ್ಲ ಅಂತ ಕೇಳಬೇಡಿ, ಅದು 232. ಈ 229 ಹುಟ್ಟೋದು ಯುರೇನಿಯಂ-233 ಕ್ಷಯಿಸಿದಾಗ.

ಮೊದಲು ನ್ಯೂಕ್ಲಿಯಸ್ಸನ್ನು ಎಬ್ಬಿಸುವ ಬೆಳಕಿನ ಆವರ್ತನ ಹಾಕಿದೆ, ಗಡಿಯಾರ ಎಣಿಸಬೇಕಾದ ಮಿಡಿತ ಅದೇ. ಅಮೆರಿಕದ ಬೌಲ್ಡರ್‌ನಲ್ಲಿ ಜುನ್ ಯೆ ತಂಡ ಅದೇ ವರ್ಷ ಸ್ಟ್ರಾನ್ಷಿಯಂ ಪರಮಾಣು ಗಡಿಯಾರದ ಜೊತೆ ಹೋಲಿಸಿ ಅಳೆದದ್ದು: 2,020,407,384,335 ಕಿಲೋಹರ್ಟ್ಜ್. ಅಂದರೆ 148.38 ನ್ಯಾನೋಮೀಟರ್, ಸುಮಾರು 8.36 ಎಲೆಕ್ಟ್ರಾನ್ ವೋಲ್ಟ್. ನ್ಯೂಕ್ಲಿಯಸ್ ಅಂದರೆ ಸಾಮಾನ್ಯವಾಗಿ ಸಾವಿರ, ಲಕ್ಷದ ಲೆಕ್ಕ, ಇದಕ್ಕೆ ಬರೀ ಎಂಟು ಚಿಲ್ಲರೆ. ಸುಮ್ನೆ ಅಲೆಯುದ್ದವನ್ನು ಏಳರಿಂದ ಗುಣಿಸಿ ನೋಡಿದೆ, 1038.7 ನ್ಯಾನೋಮೀಟರ್ ಬಂತು. ಅದು ಯಟರ್ಬಿಯಂ ಫೈಬರ್ ಲೇಸರ್‌ನ ಜಾಗ! ಯೆ ತಂಡ ಬಳಸಿದ್ದೂ ಅಂಥ ಲೇಸರ್ ಕೋಂಬ್‌ನ (ಬಾಚಣಿಗೆ ಹಲ್ಲಿನಂತೆ ಸಮ ಅಂತರದ ಆವರ್ತನಗಳಿರುವ ಬೆಳಕು) ಏಳನೇ ಹಾರ್ಮೋನಿಕ್, ಅಂದರೆ ಏಳು ಪಟ್ಟು ಆವರ್ತನದ ಬೆಳಕು, ಜೆನಾನ್ ಅನಿಲದಲ್ಲಿ ಹುಟ್ಟಿಸಿದ್ದು.

ಈ ಸಲ ಜಾಸ್ತಿ ಹೊತ್ತು ತಿಂದದ್ದು ಕ್ಷಯದ ಭಾಗ. ಕ್ಯಾಲ್ಸಿಯಂ ಫ್ಲೋರೈಡ್ ಹರಳಿನಲ್ಲಿ ಎದ್ದ ನ್ಯೂಕ್ಲಿಯಸ್ ಕೆಳಗಿಳಿಯಲು ಸರಾಸರಿ 630 ಸೆಕೆಂಡ್ ತೆಗೆದುಕೊಳ್ಳುತ್ತದೆ. ಲೇಸರ್ ಆರಿಸಿ ಹತ್ತು ನಿಮಿಷ ಆದರೂ ಶೇ. 39ರಷ್ಟು ಉಳಿದಿರುತ್ತದೆ, ಅರ್ಧ ಗಂಟೆಗೂ ಶೇ. 6ರ ಹತ್ತಿರ. ಹೀಗಿರುವಾಗ ಲೇಸರ್ ಬಣ್ಣವನ್ನು ಒಂದೊಂದು ಹೆಜ್ಜೆ ಸರಿಸುತ್ತಾ ಹೋದರೆ, ನಿನ್ನೆಯ ಸಾರು ಇರುವ ಪಾತ್ರೆಗೇ ಇವತ್ತಿನದನ್ನೂ ಸುರಿದ ಹಾಗೆ, ಹಿಂದಿನ ಹೆಜ್ಜೆಯ ಬೆಳಕು ಮುಂದಿನದರಲ್ಲಿ ಸೇರಿಕೊಳ್ಳುತ್ತದೆ. ಗ್ರಾಫ್‌ನಲ್ಲಿ ಶಿಖರದ ಒಂದು ಬದಿಗೆ ಉದ್ದ ಬಾಲ. ಸ್ಕ್ಯಾನ್ ತಿರುಗಿಸಿದರೆ ಬಾಲವೂ ಆ ಕಡೆಗೆ. ಹಿಂದಿನ ಹೆಜ್ಜೆಯಿಂದ ಎಷ್ಟು ಉಳಿದಿರಬೇಕೋ ಅಷ್ಟನ್ನು ಕಳೆಯುವ ನಾಲ್ಕು ಸಾಲು ಸೇರಿಸಿದ ಮೇಲೆ ಎರಡೂ ಕಡೆ ಸಮ ಆಯಿತು.

ಇನ್ನೊಂದು ಖುಷಿ. ಹರಳಿನ ವಕ್ರೀಭವನ ಸೂಚ್ಯಂಕ (ಬೆಳಕು ಅದರಲ್ಲಿ ಎಷ್ಟು ಪಟ್ಟು ನಿಧಾನ ಅನ್ನೋ ಸಂಖ್ಯೆ) ಈ ಅಲೆಯುದ್ದದಲ್ಲಿ ಸುಮಾರು 1.59, ಅದರ ಘನ ಸುಮಾರು ನಾಲ್ಕು, ಹರಳಿನೊಳಗೆ ಕ್ಷಯ ಅಷ್ಟು ಪಟ್ಟು ಬೇಗ. ಹಾಗಾಗಿ ನಿರ್ವಾತದಲ್ಲಿ ಇದೇ ನ್ಯೂಕ್ಲಿಯಸ್ ನಾಲ್ಕು ಪಟ್ಟು, ಅಂದರೆ 2,500 ಸೆಕೆಂಡ್ ಆಸುಪಾಸು ಬಾಳಬೇಕು. ಸುತ್ತಲಿನ ವಸ್ತು ನ್ಯೂಕ್ಲಿಯಸ್ಸಿನ ಆಯುಷ್ಯವನ್ನು ಇಷ್ಟು ಬದಲಿಸೋದು ವಿಚಿತ್ರ ಅಲ್ವಾ?

ಹಿನ್ನೆಲೆ ಬೆಳಕನ್ನೂ ಹಾಕಿದ್ದೇನೆ. ಥೋರಿಯಂ-229 ಸ್ವತಃ ವಿಕಿರಣಶೀಲ, ಲೇಸರ್ ಇಲ್ಲದಿದ್ದರೂ ಹರಳು ತಾನೇ ಮಿಣುಕುತ್ತಿರುತ್ತದೆ. ಸದ್ಯಕ್ಕೆ ಅದು ಬರೀ ಪಾಯ್ಸಾನ್ ನಾಯ್ಸ್, ಅಂದರೆ ಎಣಿಕೆಯಲ್ಲಿ ತಾನಾಗಿ ಬರುವ ಯಾದೃಚ್ಛಿಕ ಏರಿಳಿತ.

ಮುಂದೆ ಇರೋದು ಗೆರೆ (ನ್ಯೂಕ್ಲಿಯಸ್ ಎಬ್ಬಿಸುವ ಆವರ್ತನ) ಒಡೆದು ಹಲವಾಗುವ ಭಾಗ. ಹರಳಿನ ವಿದ್ಯುತ್ ಕ್ಷೇತ್ರದಿಂದ ಕೆಳಗಿನ ಸ್ಥಿತಿ ಮೂರಾಗಿ, ಮೇಲಿನದು ಎರಡಾಗಿ ಸೀಳುತ್ತದೆ. ಆರು ಜೋಡಿಯಲ್ಲಿ ಒಂದಕ್ಕೆ ಅನುಮತಿ ಇಲ್ಲ, ಐದು ಗೆರೆ ಉಳಿಯುತ್ತವೆ. ಹರಳು ಬಿಸಿಯಾದರೆ ಇವು ಬೇರೆ ಬೇರೆ ಪ್ರಮಾಣದಲ್ಲಿ ಜರುಗುತ್ತವೆ, ಒಂದು ಮಾತ್ರ ಉಳಿದವಕ್ಕಿಂತ ತುಂಬಾ ಕಡಿಮೆ. ಗಡಿಯಾರಕ್ಕೆ ಬೇಕಾದದ್ದು ಆ ಗೆರೆಯೇ. ಕೋಡ್ ಅರ್ಧ ಬರೆದಿದ್ದೇನೆ, ಐದೂ ಗೆರೆ ಸರಿಯಾಗಿ ಬಂದ ಮೇಲೆ ಗ್ರಾಫ್ ಹಾಕುತ್ತೇನೆ.