ಗುಂಡನ ಬೆಳಿಗ್ಗೆ ಏಳೂವರೆ, ಸಂಜೆ ಏಳೂವರೆ

ಕಳೆದ ವರ್ಷದ ಶ್ರಾವಣದಲ್ಲಿ, ಹನುಮಂತನಗರದ ನಮ್ಮ ಮನೆಯ ಬಾಲ್ಕನಿಯಲ್ಲಿ, ನಮ್ಮ ಬೆಕ್ಕು ಗುಂಡನ ಮರಳಿನ ಟ್ರೇ ಸುತ್ತ ಇರುವೆಗಳು ಸಾಲುಗಟ್ಟಿದ್ದವು. ಮಳೆಗಾಲದಲ್ಲಿ ಇರುವೆ ಬರುವುದು ಸಹಜ ಎಂದುಕೊಂಡು ಅರಿಶಿನ ಉದುರಿಸಿದೆ; ಮೂರನೆಯ ದಿನವೂ ಅವು ಅಲ್ಲೇ ಇದ್ದವು. ಆ ದಿನಗಳಲ್ಲಿ ಅವನ ನೀರಿನ ಬಟ್ಟಲನ್ನು ದಿನಕ್ಕೆ ಮೂರು ಸಲ ತುಂಬಿಸಬೇಕಾಗಿತ್ತು, ಹಾಕಿದ್ದನ್ನೆಲ್ಲ ತಿಂದರೂ ಬೆನ್ನುಮೂಳೆ ಕೈಗೆ ತಗುಲುತ್ತಿತ್ತು, ಕಿಟಕಿಯ ಕಟ್ಟೆಗೆ ಒಂದೇ ನೆಗೆತಕ್ಕೆ ಏರುತ್ತಿದ್ದವನು ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿಕೊಂಡು ನಡೆಯತೊಡಗಿದ್ದ. ಮಧುಮೇಹ ಎಂಬ ಹೆಸರಿನಲ್ಲೇ ಜೇನೂ ಇದೆ, ಮೂತ್ರವೂ ಇದೆ. ಅದು ಗೊತ್ತಿದ್ದೂ ಇರುವೆಗಳು ಹೇಳಿದ್ದು ನನಗೆ ಅರ್ಥವಾಗಲು ಹತ್ತು ದಿನ ಹಿಡಿಯಿತು. ಆ ಹತ್ತು ದಿನಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಪಶುವೈದ್ಯರು ನೋಡಿದಾಗ ರಕ್ತದಲ್ಲಿನ ಸಕ್ಕರೆ 412 ಇತ್ತು. ಆದರೆ ಆ ಒಂದು ಅಂಕಿಯನ್ನೇ ನಂಬಿ ಅವರು ಔಷಧ ಬರೆಯಲಿಲ್ಲ. ಬುಟ್ಟಿಯಲ್ಲಿ ಕೂತು, ಆಟೋದಲ್ಲಿ ಕುಲುಕಾಡಿ, ಪಕ್ಕದಲ್ಲಿ ನಾಯಿ ಬೊಗಳುವುದನ್ನು ಕೇಳಿ ಹೆದರಿದ ಬೆಕ್ಕಿನ ಸಕ್ಕರೆ ಕಾಯಿಲೆಯಿಲ್ಲದೆಯೂ ಏರುತ್ತದೆ ಎಂದು ವಿವರಿಸಿ, ಮೂತ್ರ ಪರೀಕ್ಷೆಯ ಜೊತೆಗೆ ಹಿಂದಿನ ಒಂದೆರಡು ವಾರಗಳ ಸಕ್ಕರೆಯ ಮಟ್ಟವನ್ನು ತೋರಿಸುವ ಫ್ರಕ್ಟೋಸಮೈನ್ ಎಂಬ ರಕ್ತಪರೀಕ್ಷೆಯನ್ನೂ ಮಾಡಿಸಿದರು. ಎರಡೂ ಅನುಮಾನವನ್ನು ನಿಜ ಮಾಡಿದವು. ಬೆಕ್ಕುಗಳಿಗೆ ಬರುವುದು ಹೆಚ್ಚಾಗಿ ಮನುಷ್ಯರ ಟೈಪ್ 2 ಮಧುಮೇಹವನ್ನು ಹೋಲುವ ಕಾಯಿಲೆ. ಸಂತಾನಹರಣ ಚಿಕಿತ್ಸೆಯಾದ, ಮನೆಯೊಳಗೇ ಇರುವ, ಮೈ ತುಂಬಿದ, ನಡುವಯಸ್ಸು ದಾಟಿದ ಗಂಡು ಬೆಕ್ಕುಗಳಿಗೆ ಅದರ ಅಪಾಯ ಹೆಚ್ಚು. ನಮ್ಮ ಹನ್ನೊಂದು ವರ್ಷದ ಗುಂಡನಿಗೆ ಇದರಲ್ಲಿ ಹೊಂದದ ಮಾತು ಒಂದೂ ಇರಲಿಲ್ಲ.

ಮನುಷ್ಯರು ಬಳಸುವ ಗ್ಲಾರ್ಜಿನ್ ಇನ್ಸುಲಿನ್ನನ್ನೇ, 12 ಗಂಟೆಗೊಮ್ಮೆ 1 ಯೂನಿಟ್‌ನಂತೆ ಕೊಡಲು ಬರೆದುಕೊಟ್ಟರು. ಸೂಜಿಯ ಭಯ ನನ್ನನ್ನು ಎಷ್ಟು ಆವರಿಸಿತ್ತೆಂದರೆ ನಿಜವಾದ ಅಪಾಯ ಎಲ್ಲಿದೆ ಎಂಬುದು ಕಾಣಲೇ ಇಲ್ಲ. ಬಾಟಲಿಯ ಮೇಲೆ ಮಿಲಿಲೀಟರಿಗೆ 100 ಯೂನಿಟ್ ಎಂದು ಮುದ್ರಿಸಿತ್ತು. ಔಷಧದಂಗಡಿಯಲ್ಲಿ ಇನ್ಸುಲಿನ್ ಸಿರಿಂಜ್ ಕೊಡಿ ಎಂದಷ್ಟೇ ಕೇಳಿದೆ. ಅವರು ಕೆಂಪು ಮುಚ್ಚಳದ ಹತ್ತು ಸಿರಿಂಜ್ ಕಟ್ಟಿಕೊಟ್ಟರು. ಎದುರು ಮನೆಯ ಆಂಟಿಗೆ ಶುಗರ್ ಬಂದು ಬಹಳ ವರ್ಷಗಳಾಗಿವೆ, ತಮ್ಮ ಇನ್ಸುಲಿನ್ನನ್ನು ತಾವೇ ಚುಚ್ಚಿಕೊಳ್ಳುತ್ತಾರೆ. ಚರ್ಮವನ್ನು ಹೇಗೆ ಹಿಡಿಯಬೇಕೆಂದು ಕಲಿಯಲು ಅವರನ್ನು ಕರೆದಿದ್ದೆ. ಅವರು ಸಿರಿಂಜನ್ನು ಕೈಗೆತ್ತಿಕೊಂಡವರೇ ಕನ್ನಡಕ ಸರಿಮಾಡಿಕೊಂಡರು.

“ಏನಮ್ಮ ಇದು? ಕೆಂಪು ಮುಚ್ಚಳದ್ದು ನನ್ನ ನಲವತ್ತರ ಬಾಟಲಿಗಲ್ವಾ? ನಿಂದರ ಮೇಲೆ ನೂರು ಅಂತ ಬರ್ದಿದೆ ನೋಡು. ಇದಕ್ಕೆ ಕಿತ್ತಳೆ ಮುಚ್ಚಳದ್ದು ಬೇಕು, ಹೋಗಿ ಬದಲಾಯಿಸ್ಕೊಂಡು ಬಾ.”

ನಮ್ಮಲ್ಲಿ ಮಿಲಿಲೀಟರಿಗೆ 40 ಯೂನಿಟ್‌ನ ಇನ್ಸುಲಿನ್ ಕೂಡ ಸಾಮಾನ್ಯವಾಗಿ ಸಿಗುತ್ತದೆ, ಅದರ ಸಿರಿಂಜಿಗೆ ಕೆಂಪು ಮುಚ್ಚಳ. ಆ ಸಿರಿಂಜಿನಲ್ಲಿ 100ರ ಇನ್ಸುಲಿನ್ನನ್ನು 1 ಎಂಬ ಗೆರೆಯವರೆಗೆ ಎಳೆದರೆ ಒಳಗೆ ಬರುವುದು ಎರಡೂವರೆ ಯೂನಿಟ್. ಐದು ಕಿಲೋ ತೂಕದ ಪ್ರಾಣಿಗೆ ಮೊದಲ ದಿನವೇ ಎರಡೂವರೆ ಪಟ್ಟು ಔಷಧ ಹೋಗುವುದಿತ್ತು. ಬೆಕ್ಕಿಗೆ ಇನ್ಸುಲಿನ್ ಶುರು ಮಾಡುತ್ತಿರುವ ಯಾರೇ ಇದನ್ನು ಓದುತ್ತಿದ್ದರೂ ಮೊದಲು ಎದ್ದು ಹೋಗಿ ಬಾಟಲಿಯ ಮೇಲಿನ ಅಂಕಿಯನ್ನೂ ಸಿರಿಂಜಿನ ಮೇಲಿನ ಅಂಕಿಯನ್ನೂ ಜೊತೆಗಿಟ್ಟು ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ಸೂಜಿ ಚುಚ್ಚುವುದು ನಾಲ್ಕೇ ದಿನಕ್ಕೆ ಅಭ್ಯಾಸವಾಯಿತು. ಊಟ ಮಾಡುತ್ತಿರುವಾಗ ಪಕ್ಕೆಯ ಚರ್ಮವನ್ನು ಎರಡು ಬೆರಳಲ್ಲಿ ಗುಡಾರದಂತೆ ಎತ್ತಿ ಚುಚ್ಚಿದರೆ ಅವನು ತಟ್ಟೆಯಿಂದ ತಲೆ ಎತ್ತುವುದಿಲ್ಲ. ಕಿವಿಯಿಂದ ರಕ್ತ ತೆಗೆಯುವುದು ಮಾತ್ರ ತಿಂಗಳುಗಟ್ಟಲೆ ಕಾಡಿತು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕಿವಿಗೆ ಒತ್ತಿ ಬೆಚ್ಚಗೆ ಮಾಡಬೇಕು. ಹಿಂದಿನಿಂದ ಮೊಬೈಲಿನ ಬೆಳಕು ಬಿಟ್ಟರೆ ಅಂಚಿನುದ್ದಕ್ಕೂ ನೂಲಿನಷ್ಟು ಸಣ್ಣ ರಕ್ತನಾಳ ಕಾಣುತ್ತದೆ. ಅದರ ಪಕ್ಕದಲ್ಲಿ ಚುಚ್ಚಿದಾಗ ಸಾಸಿವೆಯಷ್ಟು ಗಾತ್ರದ ಹನಿ ಮೂಡುತ್ತದೆ, ಅವನು ತಲೆ ಕೊಡವುವ ಮೊದಲು ಅದಕ್ಕೆ ಸ್ಟ್ರಿಪ್ ಮುಟ್ಟಿಸಬೇಕು. ಮನುಷ್ಯರ ಗ್ಲೂಕೋಮೀಟರ್ ಬೆಕ್ಕಿನ ಸಕ್ಕರೆಯನ್ನು ಇರುವುದಕ್ಕಿಂತ ಕಡಿಮೆ ತೋರಿಸುವುದೇ ಹೆಚ್ಚು. ಆದ್ದರಿಂದ ಯಾವ ಯಂತ್ರದಲ್ಲಿ ನೋಡಿದೆ ಎಂಬುದನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ.

ಊಟದ ವಿಷಯದಲ್ಲಿ ಅಮ್ಮನನ್ನು ಒಪ್ಪಿಸುವುದು ಇದಕ್ಕಿಂತ ಕಷ್ಟವಾಯಿತು. ಗುಂಡ ಬೆಳೆದದ್ದೇ ಅಮ್ಮನ ಕೈಯ ಮೊಸರನ್ನ ಮತ್ತು ಅಂಗಡಿಯ ಒಣ ಕಾಳಿನ ಮೇಲೆ. ಬೆಕ್ಕಿನ ದೇಹ ಮಾಂಸಕ್ಕಾಗಿಯೇ ಆದದ್ದು, ಅನ್ನದ ಪಿಷ್ಟ ಈ ಕಾಯಿಲೆಯಲ್ಲಿ ಅದಕ್ಕೆ ಭಾರ. ಹಾಗಾಗಿ ಪಿಷ್ಟ ಕಡಿಮೆಯಿರುವ ತೇವದ ಆಹಾರಕ್ಕೆ ಬದಲಾಯಿಸಲು ವೈದ್ಯರು ಹೇಳಿದ್ದರು. ನಮ್ಮದು ಮಾಂಸ ಒಳಗೆ ಬರದ ಅಡುಗೆಮನೆ. ಪೊಟ್ಟಣಗಳನ್ನು ಬಾಲ್ಕನಿಯ ಡಬ್ಬಿಯಲ್ಲಿ ಇಡುವುದು, ಅವನ ತಟ್ಟೆಯನ್ನು ಅಲ್ಲೇ ತೊಳೆಯುವುದು ಎಂದು ಒಪ್ಪಂದವಾಯಿತು. ಆದರೂ ಒಂದು ತಿಂಗಳು ಸಕ್ಕರೆ 350ರ ಕೆಳಗೆ ಇಳಿಯಲೇ ಇಲ್ಲ, ಇನ್ಸುಲಿನ್ 2 ಯೂನಿಟ್‌ಗೆ ಏರಿತು. ಮಧ್ಯಾಹ್ನ ನಾನು ಬ್ಯಾಂಕಿನಲ್ಲಿರುವಾಗ ಅಮ್ಮ ಒಂದು ತುತ್ತು ಮೊಸರನ್ನ ಹಾಕುತ್ತಿದ್ದರು. ಕೇಳಿದಾಗ ಅವರು ಮುಚ್ಚಿಡಲಿಲ್ಲ.

“ಕಾಲ ಹತ್ರ ಬಂದು ಕೂತ್ಕೊಳ್ಳತ್ತೆ ಕಣೇ. ನಾನೊಬ್ಳೇ ಹೇಗೆ ತಿನ್ನಲಿ?”

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನೋಟ್‌ಬುಕ್ಕಿನ ಅಂಕಿಗಳನ್ನು ದೊಡ್ಡದಾಗಿ ಬರೆದು ತೋರಿಸಿದೆ. ಮರುದಿನದಿಂದ ಅಮ್ಮ ಅವನ ಮಧ್ಯಾಹ್ನದ ಪೊಟ್ಟಣವನ್ನು ಬಾಲ್ಕನಿಯಲ್ಲಿ ತಾವೇ ಕತ್ತರಿಸಿ ಹಾಕಿ, ಅವನು ತಿಂದು ಮುಗಿಸಿದ ಮೇಲೆ ಕೈ ತೊಳೆದು ಬಂದು ಊಟಕ್ಕೆ ಕೂರತೊಡಗಿದರು. ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಆ ಪೊಟ್ಟಣವನ್ನು ಮುಟ್ಟುವುದು ಅವರಿಗೆ ಎಷ್ಟು ದೊಡ್ಡ ಮಾತು ಎಂಬುದು ನನಗೆ ಗೊತ್ತು.

ಆದರೆ ಮೊಸರನ್ನ ನಿಂತದ್ದನ್ನು ನಾನು ವೈದ್ಯರಿಗೆ ತಿಳಿಸಲಿಲ್ಲ, ತಪ್ಪಾದದ್ದು ಅಲ್ಲಿ. ಪಿಷ್ಟ ಕಡಿಮೆಯಾದ ಮೇಲೆ ಅದೇ 2 ಯೂನಿಟ್ ಅವನಿಗೆ ಹೆಚ್ಚಾಯಿತು. ನರಕ ಚತುರ್ದಶಿಯ ರಾತ್ರಿ ಪಟಾಕಿ ಸದ್ದಿಗೆ ಬೀರುವಿನ ಹಿಂದೆ ಸೇರಿಕೊಂಡವನನ್ನು ಹತ್ತೂವರೆಗೆ ಎಳೆದು ತೆಗೆದಾಗ ಕತ್ತು ವಾಲುತ್ತಿತ್ತು, ಕಾಲು ನಿಲ್ಲುತ್ತಿರಲಿಲ್ಲ. ಮೀಟರ್ 38 ತೋರಿಸಿತು. ಜೇನುತುಪ್ಪವನ್ನು ಬೆರಳಿನಿಂದ ವಸಡಿಗೆ ಸವರಿದೆ. ನುಂಗಲಾಗದ ಸ್ಥಿತಿಯಲ್ಲಿ ಬಾಯಿಗೆ ಸುರಿದರೆ ಶ್ವಾಸಕ್ಕೆ ಹೋಗುತ್ತದೆ ಎಂದು ಮೊದಲೇ ಹೇಳಿದ್ದರು. ಆಂಟಿ ಅವನನ್ನು ಟವೆಲಿನಲ್ಲಿ ಸುತ್ತಿ ಹಿಡಿದರು, ನಾನು ವೈದ್ಯರಿಗೆ ಫೋನ್ ಮಾಡಿದೆ. ಹದಿನೈದು ನಿಮಿಷಕ್ಕೆ 61, ಆಮೇಲೆ ಅವನೇ ಬಟ್ಟಲಿಗೆ ಬಾಯಿ ಹಾಕಿದ. ಬೆಳಗಿನವರೆಗೂ ಗಂಟೆಗೊಮ್ಮೆ ನೋಡುತ್ತಾ ಕೂತೆವು. ಮರುದಿನ ವೈದ್ಯರು ಇನ್ಸುಲಿನ್ನನ್ನು ಅರ್ಧಕ್ಕೆ ಇಳಿಸಿದರು. ಅಂದಿನಿಂದ ಅವನು ಊಟ ಮಾಡದೆ, ಸಕ್ಕರೆ ನೋಡದೆ ಸೂಜಿ ಚುಚ್ಚಿದ್ದಿಲ್ಲ; ಅಂಕಿ ವೈದ್ಯರು ಬರೆದುಕೊಟ್ಟ ಮಿತಿಗಿಂತ ಕಡಿಮೆಯಿದ್ದರೆ ಅವರನ್ನು ಕೇಳಿಯೇ ಮುಂದಿನ ಕೆಲಸ.

ದುಡಿಯುವವರಿಗೆ ಇದು ಸಾಧ್ಯವೇ ಎಂದು ಹಲವರು ನನ್ನನ್ನು ಕೇಳುತ್ತಾರೆ. ಬೆಳಿಗ್ಗೆ ಏಳೂವರೆಗೆ ಸೂಜಿ ಕೊಟ್ಟು, ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಗಿ ಎಂ.ಜಿ. ರಸ್ತೆಗೆ ಹೋಗುತ್ತೇನೆ, ಸಂಜೆ ಅದೇ ದಾರಿಯಲ್ಲಿ ಬಂದರೆ ಏಳೂವರೆಗೆ ಮನೆಯಲ್ಲಿರಬಹುದು. ಮಾಮೂಲಿ ದಿನಗಳಲ್ಲಿ ಕಷ್ಟವೇನಿಲ್ಲ. ಕಷ್ಟವಾಗುವುದು ಮಾರ್ಚ್ ಕೊನೆಯಲ್ಲಿ, ಮದುವೆ ಮನೆಗಳಿಗೆ ಊರಿಗೆ ಹೋಗಬೇಕಾದಾಗ, ನನಗೇ ಜ್ವರ ಬಂದಾಗ. ಅಮ್ಮನಿಗೆ ಕೈ ನಡುಗುತ್ತದೆ, ಸಿರಿಂಜಿನ ಗೆರೆ ಕಾಣುವುದಿಲ್ಲ. ಹಾಗಾಗಿ ಔಷಧ, ಆಹಾರ, ಯಂತ್ರ ಎಲ್ಲಕ್ಕಿಂತ ಮೊದಲು ಹೊಂದಿಸಿಕೊಳ್ಳಬೇಕಾದದ್ದು ಸೂಜಿ ಹಿಡಿಯಬಲ್ಲ ಇನ್ನೊಂದು ಕೈಯನ್ನು ಎಂಬುದು ನನ್ನ ಖಚಿತ ಅಭಿಪ್ರಾಯ. ಈ ವರ್ಷ ಮಾರ್ಚ್ 31ರ ರಾತ್ರಿ ನಾನು ಮನೆಗೆ ಬಂದಾಗ ಹನ್ನೊಂದು ಗಂಟೆ, ಫ್ರಿಜ್ಜಿನ ಬಾಗಿಲಿಗೆ ಆಂಟಿ ಚೀಟಿ ಅಂಟಿಸಿದ್ದರು: “7.35, ಪೂರ್ತಿ ತಿಂದ, 188, ಒಂದು ಯೂನಿಟ್.”

ಈಗ ಅವನಿಗೆ ಎರಡು ಹೊತ್ತೂ ಅರ್ಧ ಯೂನಿಟ್. ಕೆಲವು ಬೆಕ್ಕುಗಳಲ್ಲಿ ಇನ್ಸುಲಿನ್ ಪೂರ್ತಿ ನಿಲ್ಲಿಸಿದರೂ ಸಕ್ಕರೆ ಹದದಲ್ಲಿ ಉಳಿಯುತ್ತದೆ, ಆದರೆ ಕಾಯಿಲೆ ಮತ್ತೆ ಮರಳಲೂಬಹುದು ಎಂದು ವೈದ್ಯರು ಹೇಳಿದ್ದಾರೆ. ಆ ದಿನ ಬಂದರೆ ಬರಲಿ, ನಾನಂತೂ ಕಾಯುತ್ತಾ ಕೂತಿಲ್ಲ. ಈ ಸಲ ದಸರೆಗೆ ಆಂಟಿ ಮೈಸೂರಿನ ಮಗಳ ಮನೆಗೆ ಹತ್ತು ದಿನ ಹೋಗುತ್ತಾರೆ. ಅದಕ್ಕಾಗಿ ಕೆಳಗಿನ ಮನೆಯ ಪಿಯುಸಿ ಓದುವ ಹುಡುಗನಿಗೆ ಕಳೆದ ಭಾನುವಾರದಿಂದ ಕಲಿಸುತ್ತಿದ್ದೇನೆ. ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ ನೀರೆಳೆದು ಮೂಸಂಬಿಗೆ ಚುಚ್ಚುತ್ತಾ ಅವನು ಗೆರೆಗಳನ್ನು ಗಟ್ಟಿಯಾಗಿ ಎಣಿಸುತ್ತಿದ್ದ. ಅಮ್ಮ ತಟ್ಟೆಯ ಸದ್ದು ಮಾಡಿದ ಕೂಡಲೇ ಗುಂಡ ಕಿಟಕಿಯ ಕಟ್ಟೆಯಿಂದ ಧುಮುಕಿ ಬಾಲ್ಕನಿಯ ಕಡೆ ಓಡಿದ.