ಆರಿಸಿದ ಮೇಲೂ ಮಿನುಗುವ ದೀಪ

ನಮ್ಮ ಮನೆಯ ಮೆಟ್ಟಿಲಿನ ದೀಪಕ್ಕೆ ಎಲೆಕ್ಟ್ರಾನಿಕ್ ಟೈಮರ್ ಹಾಕಿಸಿ ಹಲವು ವರ್ಷಗಳಾಗಿದ್ದವು. ಗುಂಡಿ ಒತ್ತಿದರೆ ದೀಪ ಮೂರು ನಿಮಿಷ ಉರಿದು ತಾನಾಗಿಯೇ ಆರುತ್ತಿತ್ತು. 60 ವ್ಯಾಟಿನ ಹಳೆಯ ಬಲ್ಬು ಸುಟ್ಟುಹೋದಾಗ ಅದರ ಜಾಗಕ್ಕೆ 9 ವ್ಯಾಟಿನ ಎಲ್‌ಇಡಿ ಹಾಕಿದೆ. ಅಂದು ನಡುರಾತ್ರಿ ನೀರು ಕುಡಿಯಲೆಂದು ಎದ್ದಾಗ, ಆರಿ ಎಷ್ಟೋ ಹೊತ್ತಾಗಿದ್ದ ಆ ದೀಪ ಎರಡು ಮೂರು ಸೆಕೆಂಡಿಗೊಮ್ಮೆ ಫಕ್ಕನೆ ಮಿನುಗುತ್ತಿರುವುದು ಕಂಡಿತು. ಬಲ್ಬೇ ಕೆಟ್ಟಿದೆಯೆಂದು ಮರುದಿನ ಬೇರೆ ಕಂಪನಿಯದನ್ನು ತಂದು ಹಾಕಿದರೆ, ಅದು ಮಿನುಗುವ ಬದಲು ರಾತ್ರಿಯಿಡೀ ಮಂಕಾಗಿ ಬೆಳಗಿತು.

ಟೈಮರನ್ನು ಬಿಚ್ಚಿ ನೋಡಿದಾಗ ಕಾರಣ ತಿಳಿಯಿತು. ಅದಕ್ಕೆ ಇದ್ದದ್ದು ಎರಡೇ ತಂತಿ. ಒಂದು ಫೇಸ್, ಇನ್ನೊಂದು ಬಲ್ಬಿಗೆ ಹೋಗುವುದು. ನ್ಯೂಟ್ರಲ್ (ವಿದ್ಯುತ್ತು ಮರಳುವ ತಂತಿ) ಇಲ್ಲದ ಇಂತಹ ಟೈಮರ್ ತನ್ನೊಳಗಿನ ಸರ್ಕ್ಯೂಟಿಗೆ ಬೇಕಾದ ಅಲ್ಪ ವಿದ್ಯುತ್ತನ್ನು, ದೀಪ ಆರಿರುವಾಗಲೂ, ಬಲ್ಬಿನ ಮೂಲಕವೇ ಹರಿಸಿಕೊಳ್ಳಬೇಕು. ಹಳೆಯ ಬಲ್ಬಿಗೆ ಇದರಿಂದ ಏನೂ ಆಗುತ್ತಿರಲಿಲ್ಲ. 230 ವೋಲ್ಟಿನಲ್ಲಿ ಉರಿಯುವಾಗ ಸುಮಾರು 880 ಓಮ್ ಇರುವ ಅದರ ತಂತಿಯ ರೋಧ, ತಣ್ಣಗಿರುವಾಗ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆಯಿರುವುದರಿಂದ, ಕೆಲವು ಮಿಲಿಆಂಪಿಯರ್ ಹರಿದರೂ ಅದು ಬಿಸಿಯಾಗುವುದಿಲ್ಲ. ಸಿಎಫ್‌ಎಲ್ ಮತ್ತು ಎಲ್‌ಇಡಿಗಳ ಬುಡದಲ್ಲಾದರೋ ಎಸಿಯನ್ನು ಡಿಸಿಯಾಗಿಸುವ ರೆಕ್ಟಿಫೈಯರ್ ಮತ್ತು ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಕೂತಿರುತ್ತವೆ. ಸೋರಿ ಬಂದ ವಿದ್ಯುತ್ತು ಹನಿಹನಿಯಾಗಿ ಆ ಕೆಪಾಸಿಟರಿನಲ್ಲಿ ತುಂಬಿಕೊಳ್ಳುತ್ತದೆ. ದೀಪ ಹೊತ್ತುವಷ್ಟಾದ ಕೂಡಲೇ ಒಮ್ಮೆ ಮಿಂಚಿ ಖಾಲಿಯಾಗಿ, ಮತ್ತೆ ತುಂಬತೊಡಗುತ್ತದೆ. ಒಳಗೆ ಕೆಂಪು ನಿಯಾನ್ ಸೂಚಕವಿರುವ ಸಾಮಾನ್ಯ ಸ್ವಿಚ್ಚಿನಿಂದಲೂ ಇದೇ ಕಾಟ ಬರುವುದುಂಟು.

ಇನ್ನೊಂದು ತೊಡಕು ಕನಿಷ್ಠ ಲೋಡಿನದು, ಅಂದರೆ ಟೈಮರಿಗೆ ಜೋಡಿಸಿದ ದೀಪ ಕಡೇಪಕ್ಷ ಎಳೆಯಬೇಕಾದ ವಿದ್ಯುತ್ತಿನದು. ನನ್ನ ಟೈಮರಿನ ಬೆನ್ನಿನ ಮೇಲೆ ಸಣ್ಣ ಅಕ್ಷರದಲ್ಲಿ ‘ಕನಿಷ್ಠ 40 ವ್ಯಾಟ್’ ಎಂದು ಅಚ್ಚಾಗಿತ್ತು. ಅಷ್ಟು ವರ್ಷ ಅದನ್ನು ಓದುವ ಪ್ರಮೇಯವೇ ಬಂದಿರಲಿಲ್ಲ. ಅದರೊಳಗಿನ ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚು ಆನ್ ಸ್ಥಿತಿಯಲ್ಲೇ ನಿಲ್ಲಬೇಕಾದರೆ ಒಂದು ಮಟ್ಟದ ವಿದ್ಯುತ್ತು ಹರಿಯುತ್ತಲೇ ಇರಬೇಕು, 9 ವ್ಯಾಟಿನ ದೀಪ ಅಷ್ಟನ್ನು ಎಳೆಯುವುದಿಲ್ಲ.

ಹೋಲ್ಡರಿಗೆ ಸಮಾಂತರವಾಗಿ ಬೈಪಾಸ್ ಕೆಪಾಸಿಟರ್ ಹಾಕಿದರೆ ಸೋರಿಕೆ ಬಲ್ಬಿನೊಳಗೆ ತುಂಬಿಕೊಳ್ಳದೆ ಪಕ್ಕದ ದಾರಿ ಹಿಡಿಯುತ್ತದೆ. ಆದರೆ ಅದು ನೇರ ಮನೆಯ ವಿದ್ಯುತ್ತಿಗೇ ಜೋಡಿಸಲೆಂದು ತಯಾರಾದ ಬಗೆಯದ್ದಾಗಿರಬೇಕು, ಸಿಕ್ಕಿದ ಕೆಪಾಸಿಟರನ್ನು ಅಲ್ಲಿಗೆ ಸಿಕ್ಕಿಸುವಂತಿಲ್ಲ. ಅದೇ ಲೈನಿನಲ್ಲಿ ಒಂದು ಹಳೆಯ ಬಲ್ಬನ್ನು ಉಳಿಸಿಕೊಳ್ಳುವ ಉಪಾಯವನ್ನೂ ಹೇಳುತ್ತಾರೆ. ಹಾಗೆ ಮಾಡಿದರೆ ಉಳಿತಾಯದ ಮಾತೆಲ್ಲಿ ಬಂತು? ನಾನು ಎಲೆಕ್ಟ್ರೀಷಿಯನ್‌ರನ್ನು ಕರೆಸಿ, ಸ್ವಿಚ್ ಬೋರ್ಡಿನವರೆಗೆ ನ್ಯೂಟ್ರಲ್ ಎಳೆಸಿ, ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚು) ಇರುವ ಮೂರು ತಂತಿಯ ಟೈಮರ್ ಹಾಕಿಸಿದೆ. ರಿಲೇ ಆರಿದಾಗ ದೀಪದ ದಾರಿ ಪೂರ್ತಿ ಕಡಿದುಹೋಗುತ್ತದೆ. ಅದಕ್ಕೂ ಒಂದು ಮಿತಿಯುಂಟು. ಹೊತ್ತಿದ ಕ್ಷಣದಲ್ಲಿ ಎಲ್‌ಇಡಿಗಳ ಕೆಪಾಸಿಟರುಗಳು ಒಮ್ಮೆಲೇ ಬಹಳಷ್ಟು ವಿದ್ಯುತ್ತನ್ನು ಸೆಳೆಯುವುದರಿಂದ, ಒಂದೇ ರಿಲೇಗೆ ಹಲವು ದೀಪಗಳನ್ನು ಜೋಡಿಸಿದರೆ ಅದರ ಕಾಂಟ್ಯಾಕ್ಟುಗಳು ಬೆಸೆದುಹೋಗಬಹುದು.

ಮೆಟ್ಟಿಲಿನಂತೆ ಪದೇ ಪದೇ ಹೊತ್ತಿ ಆರುವ ಜಾಗಕ್ಕೆ ಸಿಎಫ್‌ಎಲ್ ಹೊಂದುವುದಿಲ್ಲ. ಪ್ರತಿ ಸಲ ಹೊತ್ತುವಾಗಲೂ ಅದರ ಎಲೆಕ್ಟ್ರೋಡುಗಳ ಲೇಪನ ಸವೆಯುತ್ತದೆ, ಪೂರ್ಣ ಬೆಳಕು ಬರುವಷ್ಟರಲ್ಲಿ ನಾವು ಮೆಟ್ಟಿಲು ಹತ್ತಿ ಮುಗಿಸಿರುತ್ತೇವೆ.