ಬೋಟಿನ ಎಂಜಿನ್ ಕೆಲಸ, ಭಾಗ 4: ಮುಚ್ಚಳ ಎತ್ತಿದಾಗ ಸಿಕ್ಕಿಬಿದ್ದ ಕಳ್ಳ

ಎರಡೂ ಎಂಜಿನ್ ಬೋಟಿನೊಳಗೆ ಕೂತು ಐದು ವಾರ ಆಯಿತು. ಬೋರ್ ಮಾಡಿಸಿದ್ದು, ಹೊಸ ಪಿಸ್ಟನ್, ಹೆಡ್ ಕೆಲಸ, ಸ್ವಲ್ಪ ಖಾರವಾದ ಕ್ಯಾಮ್ (ವಾಲ್ವ್ ತೆರೆಯುವ ದಂಡ), ಇದೆಲ್ಲ ಹಿಂದಿನ ಭಾಗಗಳಲ್ಲಿ ಬಂದಿದೆ. ಹೊಸದಾಗಿ ಓದುವವರಿಗೆ ಇಷ್ಟು ಸಾಕು: ಮೂಲದಲ್ಲಿ 454 ಕ್ಯೂಬಿಕ್ ಇಂಚಿನ ಷೆವ್ರೊಲೆ ಬಿಗ್ ಬ್ಲಾಕ್, ಬೋರ್ (ಸಿಲಿಂಡರಿನ ಅಡ್ಡಳತೆ) 60 ಥೌ, ಅಂದರೆ 0.060 ಇಂಚು, ಹಿಗ್ಗಿಸಿದ ಮೇಲೆ ಈಗ 467. ಪ್ರತಿಯೊಂದರ ತಲೆ ಮೇಲೆ ನಾಲ್ಕು ಬಾಯಿಯ 800 ಸಿಎಫ್‌ಎಂ ಹಾಲಿ ಕಾರ್ಬ್, ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್; ಸಿಎಫ್‌ಎಂ ಅಂದರೆ ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ. (ಹಾಲಿ ಅಂದರೆ ಈಗಿನದು ಅಂತ ಅಲ್ಲ, ಕಂಪನಿ ಹೆಸರು. ಈ ಗೊಂದಲ ಒಮ್ಮೆ ಆಗಿತ್ತು.)

ಎಂಜಿನ್ ಕಟ್ಟುವುದು ಕಷ್ಟ, ಆಮೇಲೆ ಕಾರ್ಬ್ ಕೂರಿಸಿ ನಾಲ್ಕು ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತಿರುಪು) ಬದಲಿಸಿದರೆ ಮುಗೀತು ಅಂದುಕೊಂಡಿದ್ದೆ. ಆ ಭ್ರಮೆ ಮೊದಲ ಓಟದಲ್ಲೇ ಹೋಯಿತು.

ಮೊದಲ ಓಟ

ಪೂರ್ತಿ ಥ್ರಾಟಲ್ ಕೊಟ್ಟಾಗ ಬಲದವನು (ಬಲಗಡೆಯ ಎಂಜಿನ್) 4980 ಆರ್‌ಪಿಎಂ ತನಕ ಹೋಗಿ ನಿಂತ. ಎಡದವನು 4760ಕ್ಕೇ ಸುಸ್ತು. ಹತ್ತು ಸೆಕೆಂಡ್ ಆದಮೇಲೆ ಸಣ್ಣಗೆ ಕೆಮ್ಮು ಬೇರೆ. ಅಲ್ಲಿಗೇ ನಿಲ್ಲಿಸಿ ಪ್ಲಗ್ ಬಿಚ್ಚಿದೆ. ಬಲಗಡೆ ಪ್ಲಗ್‌ಗಳು ತಿಳಿ ಕಂದು, ಚೆನ್ನಾಗಿದ್ದವು. ಎಡಗಡೆಯವು ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದವು, ಅಂದರೆ ಲೀನ್ (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ). ಒಂದರ ಪಿಂಗಾಣಿ ಮೇಲೆ ಮೆಣಸಿನ ಪುಡಿ ಉದುರಿಸಿದಂಥ ಸಣ್ಣ ಚುಕ್ಕೆಗಳು. ಭೂತಗನ್ನಡಿಯಲ್ಲಿ ನೋಡಿದಾಗ ಎದೆ ಝಲ್ ಎಂದಿತು. ಅದು ಡೆಟೊನೇಶನ್ (ಮಿಶ್ರಣ ಸಮವಾಗಿ ಉರಿಯದೆ ಸಿಡಿಯುವುದು) ಶುರುವಾಗಿರುವ ಗುರುತು. ಇನ್ನೊಂದೆರಡು ನಿಮಿಷ ಎಳೆದಿದ್ದರೆ ಹೊಸ ಪಿಸ್ಟನ್‌ಗೆ ತೂತು ಬೀಳುತ್ತಿತ್ತೇನೋ.

ಕಾರಿನಲ್ಲಿ ಇಷ್ಟು ಹೆದರಬೇಕಾಗಿಲ್ಲ. ಕಾರು ಒಂದಿಷ್ಟು ದೂರ ಎಳೆದು ಆಮೇಲೆ ಹಗುರಾಗುತ್ತದೆ. ಬೋಟಿಗೆ ಆ ಸುಖ ಇಲ್ಲ. ಅದು ಸದಾ ಏರು ಹತ್ತುತ್ತಿರುವ ಲಾರಿ ಇದ್ದ ಹಾಗೆ. ಲೀನ್ ಮಿಕ್ಸ್ಚರ್‌ನಲ್ಲಿ ಪೂರ್ತಿ ಲೋಡ್ ಹಾಕಿ ಓಡಿಸಿದರೆ ಎಂಜಿನ್ ಕ್ಷಮಿಸುವುದಿಲ್ಲ.

ಜೆಟ್ ಜೊತೆ ಕಳೆದ ಎರಡು ವಾರ

ಇಲ್ಲಿ ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಎಡದವನ ಕಾರ್ಬ್‌ಗೆ ದೊಡ್ಡ ಜೆಟ್ ಹಾಕಿದೆ. ಸ್ವಲ್ಪ ವ್ಯತ್ಯಾಸ. ಇನ್ನೂ ದೊಡ್ಡದು ಹಾಕಿದೆ. ಐಡಲ್‌ನಿಂದ ಮಧ್ಯದ ತನಕ ಕಪ್ಪು ಹೊಗೆ, ಮೇಲೆ ಹೋದರೆ ಮತ್ತೆ ಅದೇ ಕೆಮ್ಮು. ಕೊನೆಗೆ ಬುದ್ಧಿ ಬಂದು ಎರಡೂ ಕಾರ್ಬ್‌ಗಳನ್ನು ಅದಲುಬದಲು ಮಾಡಿದೆ. ರೋಗ ಎಡಗಡೆಯೇ ಉಳಿಯಿತು. ಈ ಕೆಲಸವನ್ನು ಮೊದಲ ದಿನವೇ ಮಾಡಬೇಕಿತ್ತು, ಅಲ್ವಾ?

ಈ ಮಧ್ಯೆ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ (ಎಕ್ಸಾಸ್ಟ್ ನೋಡಿ ಗಾಳಿ-ಪೆಟ್ರೋಲ್ ಪ್ರಮಾಣ ತಿಳಿಸುವುದು) ಒಂದು ಸತ್ತಿತು. ಬೋಟಿನ ಎಕ್ಸಾಸ್ಟ್‌ನಲ್ಲಿ ತಣಿಸಲು ನೀರು ಬೆರೆಸುತ್ತಾರೆ. ಹಾಗಾಗಿ ನೀರು ಸೇರುವ ಜಾಗಕ್ಕಿಂತ ಮುಂಚೆ, ಮ್ಯಾನಿಫೋಲ್ಡ್ ಮತ್ತು ಎಲ್ಬೋ ನಡುವೆ ಒಂದು ಸ್ಪೇಸರ್ ಹಾಕಿ ಸೆನ್ಸರ್ ಕೂರಿಸಿದ್ದೆ. ಅಷ್ಟರಮಟ್ಟಿಗೆ ಸರಿ. ಆದರೆ ಕ್ಯಾಮ್ ಓವರ್‌ಲ್ಯಾಪ್ (ಒಳ, ಹೊರ ವಾಲ್ವ್ ಎರಡೂ ಒಟ್ಟಿಗೆ ತೆರೆದಿರುವ ಹೊತ್ತು) ಜಾಸ್ತಿ ಇದ್ದಾಗ ಐಡಲ್‌ನಲ್ಲಿ ಎಕ್ಸಾಸ್ಟ್ ಹಿಂದಕ್ಕೂ ಉಸಿರೆಳೆಯುತ್ತದೆ, ಜೊತೆಗೆ ನೀರಿನ ಹನಿಗಳನ್ನೂ ಎಳೆಯುತ್ತದೆ. ಕಾದ ಸೆನ್ಸರ್‌ಗೆ ಒಂದು ಹನಿ ಸಾಕು. ಈಗ ಐಡಲ್‌ನಲ್ಲಿ ಸೆನ್ಸರ್ ಹಾಕಿಟ್ಟುಕೊಂಡು ಸುಮ್ನೆ ನಿಲ್ಲುವುದಿಲ್ಲ. ಓಟಕ್ಕೆ ಹೊರಡುವ ಮುಂಚೆ ಹಾಕುತ್ತೇನೆ, ಬಂದ ಕೂಡಲೇ ತೆಗೆದು ಆ ತೂತಿಗೆ ಬಿರಡೆ ಬಿಗಿಯುತ್ತೇನೆ.

ಲೆಕ್ಕ

ಒಂದು ಸಂಜೆ ಸ್ಪ್ಯಾನರ್ ಕೆಳಗಿಟ್ಟು ಪೆನ್ನು ಹಿಡಿದೆ. ಕ್ಯೂಬಿಕ್ ಇಂಚನ್ನು ಆರ್‌ಪಿಎಂನಿಂದ ಗುಣಿಸಿ 3456ರಿಂದ ಭಾಗಿಸಿದರೆ ಎಂಜಿನ್ ಎಳೆಯುವ ಗಾಳಿ ಸಿಎಫ್‌ಎಂನಲ್ಲಿ ಸಿಗುತ್ತದೆ. 467 ಮತ್ತು 5200ಕ್ಕೆ ಸುಮಾರು 700. ಸಿಲಿಂಡರ್ ನೂರಕ್ಕೆ ನೂರು ತುಂಬುವುದಿಲ್ಲ, 90 ಪರ್ಸೆಂಟ್ ಹಿಡಿದರೆ 630. ಅಂದರೆ 800ರ ಕಾರ್ಬ್ ಧಾರಾಳ. ಗಾಳಿಯ ಬಾಯಿ ಚಿಕ್ಕದಾಯಿತು ಅನ್ನುವ ಮಾತೇ ಇಲ್ಲ.

ಆದರೆ ಅದನ್ನೇ ಲೀಟರ್‌ಗೆ ತಿರುಗಿಸಿದಾಗ ಕಣ್ಣು ಅಗಲವಾಯಿತು. ಎರಡೂ ಎಂಜಿನ್ ಸೇರಿ ಸೆಕೆಂಡಿಗೆ ಸುಮಾರು 600 ಲೀಟರ್ ಗಾಳಿ! ಇಷ್ಟೂ ಎಂಜಿನ್ ಕೋಣೆಯ ನಾಲ್ಕು ಸಣ್ಣ ಜಾಲರಿಗಳಿಂದಲೇ ಬರಬೇಕು. ಪೆಟ್ರೋಲ್ ಕಡೆ ನೋಡಿದರೆ, 430 ಹಾರ್ಸ್‌ಪವರ್ ಬರುತ್ತಿದೆ ಅಂತ ಹಿಡಿದು, ಒಂದು ಹಾರ್ಸ್‌ಪವರ್‌ಗೆ ಗಂಟೆಗೆ ಅರ್ಧ ಪೌಂಡ್ ಅನ್ನುವ ಹಳೆಯ ಲೆಕ್ಕ ಹಾಕಿದರೆ, ಒಂದೊಂದು ಎಂಜಿನ್‌ಗೆ ಗಂಟೆಗೆ 130 ಲೀಟರ್ ದಾಟುತ್ತದೆ. ನಿಮಿಷಕ್ಕೆ ಎರಡು ಲೀಟರಿಗಿಂತ ಜಾಸ್ತಿ. ಟ್ಯಾಂಕಿನಿಂದ ಕಾರ್ಬ್ ತನಕದ ಪೈಪು ಹಳೆ ಎಂಜಿನ್ ಕಾಲದ್ದೇ. ಅದನ್ನು ನಾನು ಮುಟ್ಟಿಯೇ ಇರಲಿಲ್ಲ.

ಮುಚ್ಚಳ ಎತ್ತಿದ ದಿನ

ಬೋಟಿನವರ ಹಳೆಯ ಪರೀಕ್ಷೆ ಇದು. ಪೂರ್ತಿ ಥ್ರಾಟಲ್‌ನಲ್ಲಿ ಎಂಜಿನ್ ಕೋಣೆಯ ಮುಚ್ಚಳ ಸ್ವಲ್ಪ ಎತ್ತಿ, ಆರ್‌ಪಿಎಂ ಏರಿದರೆ ಎಂಜಿನ್‌ಗೆ ಸರಿಯಾದ ಗಾಳಿ ಸಿಗುತ್ತಿಲ್ಲ ಎಂದರ್ಥ. ನಾವು ಹೊರಡುವ ಮುಂಚೆಯೇ ಮರದ ತುಂಡು ಕೊಟ್ಟು ಮುಚ್ಚಳವನ್ನು ಒಂದು ಗೇಣು ಎತ್ತಿ ಕಟ್ಟಿದೆವು. ಓಡುವಾಗ ಕೈ ಹಾಕುವ ಕೆಲಸ ಬೇಡ. ಕಾರ್ಬ್ ಮೇಲಿನ ಫ್ಲೇಮ್ ಅರೆಸ್ಟರ್ (ಬೆಂಕಿ ಹೊರಗೆ ಬರದಂತೆ ತಡೆಯುವ ಜಾಲರಿ) ಹಾಗೇ ಇತ್ತು, ಅದನ್ನು ಯಾವ ಪರೀಕ್ಷೆಗೂ ತೆಗೆಯಬಾರದು.

ಗೆಳೆಯ ಚುಕ್ಕಾಣಿ ಹಿಡಿದಿದ್ದ. ಬಲದವನು 5100 ಮುಟ್ಟಿದ. ಎಡದವನು 4600ಕ್ಕೇ ಜೋರಾಗಿ ಕೆಮ್ಮಿದ.

"ಏನೋ ಇದು? ಮುಚ್ಚಳ ತೆಗೆದ್ರೆ ಒಬ್ಬ ಓಡ್ತಾನೆ, ಇನ್ನೊಬ್ಬ ಸಾಯ್ತಾನೆ!"

ಅದೇ ಕೀಲಿಕೈ. ಒಂದಲ್ಲ, ಎರಡು ರೋಗ. ಒಂದು ಇನ್ನೊಂದನ್ನು ಮುಚ್ಚಿಟ್ಟಿತ್ತು.

ಕೋಣೆಯೊಳಗಿನ ಗಾಳಿಯ ಒತ್ತಡ ಎಷ್ಟು ಕಡಿಮೆ ಬೀಳುತ್ತದೆ ಅಂತ ನೋಡಲು ಪಾರದರ್ಶಕ ಪೈಪನ್ನು ಯು ಆಕಾರಕ್ಕೆ ಬಗ್ಗಿಸಿ, ಶಾಯಿ ಹಾಕಿದ ನೀರು ತುಂಬಿ, ಒಂದು ತುದಿ ಒಳಗೆ, ಒಂದು ತುದಿ ಹೊರಗೆ ಇಟ್ಟೆ. ಮುಚ್ಚಳ ಹಾಕಿದಾಗ ವ್ಯತ್ಯಾಸ 6 ಸೆಂಟಿಮೀಟರ್. ಇದು ಹೊರಗಿನ ಒತ್ತಡದ ಒಂದು ಪರ್ಸೆಂಟ್ ಕೂಡ ಅಲ್ಲ, 120 ಆರ್‌ಪಿಎಂ ಕದಿಯುವಷ್ಟು ದೊಡ್ಡದಲ್ಲ. ಥರ್ಮಾಮೀಟರ್ ಇಟ್ಟಾಗ ವಿಷಯ ಗೊತ್ತಾಯಿತು. ಹೊರಗೆ 29 ಡಿಗ್ರಿ, ಕಾರ್ಬ್ ಬಾಯಲ್ಲಿ 54. ಎಂಜಿನ್ ಮೈಗೆ ತಗುಲಿ ಕಾದ ಗಾಳಿಯನ್ನೇ ಕಾರ್ಬ್ ಕುಡಿಯುತ್ತಿತ್ತು. ಕಾದ ಗಾಳಿ ತೆಳು, ಇಲ್ಲಿ ಸುಮಾರು ಎಂಟು ಪರ್ಸೆಂಟ್ ತೂಕ ಕಡಿಮೆ. ಗಾಳಿಯ ತೂಕ ಇಳಿದಷ್ಟು ಕಾರ್ಬ್ ಪೆಟ್ರೋಲ್ ಇಳಿಸುವುದಿಲ್ಲ, ಹಾಗಾಗಿ ಮಿಕ್ಸ್ಚರ್ ಸ್ವಲ್ಪ ರಿಚ್ ಆಗುತ್ತದೆ. ಎಡದವನು ಇಷ್ಟು ದಿನ ಬದುಕಿದ್ದೇ ಆ ಕೆಟ್ಟ ಗಾಳಿಯಿಂದ! ತಣ್ಣನೆ ಗಾಳಿ ಸಿಕ್ಕ ಕೂಡಲೇ ಅವನಿಗೆ ಜಾಸ್ತಿ ಪೆಟ್ರೋಲ್ ಬೇಕಾಯಿತು. ಅದು ಬರಲಿಲ್ಲ.

ಕಳ್ಳ

ಫ್ಯೂಯೆಲ್ ಪಂಪಿನ ಒಳಬಾಯಿಗೆ ವ್ಯಾಕ್ಯೂಮ್ ಗೇಜ್ ಹಾಕಿದೆ. ಪಾದರಸದ ಅಳತೆಯಲ್ಲಿ 2 ಇಂಚು ದಾಟಬಾರದು. ಬಲಗಡೆ ಅಷ್ಟೇ ಇತ್ತು, ಎಡಗಡೆ 6. ಪಂಪ್ ಪಾಪ ಎಳೆಯುತ್ತಿದೆ, ಹಿಂದಿನಿಂದ ಯಾರೋ ಕತ್ತು ಹಿಸುಕಿದ್ದಾರೆ. ಫಿಲ್ಟರ್ ಬದಲಿಸಿದೆ, 6 ಹಾಗೇ ಇತ್ತು. ಟ್ಯಾಂಕಿನ ತಲೆಯಲ್ಲಿರುವ ಆಂಟಿ ಸೈಫನ್ ವಾಲ್ವ್ ಬಿಚ್ಚಿ ಬೆಳಕಿಗೆ ಹಿಡಿದೆ. ಸ್ಪ್ರಿಂಗ್ ಮತ್ತು ಗುಂಡಿನ ನಡುವೆ ಕಿರುಬೆರಳ ಉಗುರಿನಷ್ಟು ಒಂದು ಕಪ್ಪು ಸಿಪ್ಪೆ. ಚಿಮಟದಲ್ಲಿ ಎಳೆದರೆ ರಬ್ಬರಿನಂತೆ ಹಿಗ್ಗಿತು. ಹಳೆ ಹೋಸ್‌ನ ಒಳಪದರ ಎದ್ದು ಬಂದಿದ್ದು. ನಿಧಾನ ಓಟದಲ್ಲಿ ಪೆಟ್ರೋಲ್ ಅದರ ಪಕ್ಕದಿಂದ ನುಸುಳುತ್ತದೆ, ಜೋರು ಮಾಡಿದರೆ ಅದೇ ಬಿರಡೆ.

ಕೆಲವರು ಈ ವಾಲ್ವನ್ನೇ ಕಿತ್ತು ಬಿಸಾಕು ಅನ್ನುತ್ತಾರೆ. ನಾನು ಮಾಡುವುದಿಲ್ಲ. ಪೈಪು ಒಡೆದರೆ ಟ್ಯಾಂಕಿನ ಪೆಟ್ರೋಲೆಲ್ಲ ಬಿಲ್ಜ್‌ಗೆ (ಬೋಟಿನ ತಳಕ್ಕೆ) ಹರಿಯದಂತೆ ತಡೆಯುವುದು ಅದೊಂದೇ. ದೊಡ್ಡ ಹರಿವಿನ ಹೊಸ ವಾಲ್ವ್ ಹಾಕಿ, ಎರಡೂ ಕಡೆ ಪೈಪನ್ನು ಅರ್ಧ ಇಂಚಿನ ಮೆರೈನ್ ಹೋಸ್‌ಗೆ ಬದಲಿಸಿದೆ. ಈಗ ಎರಡೂ ಗೇಜ್ ಒಂದೂವರೆ ಇಂಚಿನ ಒಳಗೆ.

ಗಾಳಿಗೆ ಜಾಲರಿಗಳನ್ನು ದೊಡ್ಡದು ಮಾಡಿ, ಒಳಗೆ ತಡೆಹಲಗೆ ಇರುವ ಪೆಟ್ಟಿಗೆ ಕೂರಿಸಿದೆ. ನೀರಿನ ತುಂತುರು ಅಲ್ಲೇ ಬಿದ್ದು ಹೊರಗೆ ಹರಿಯುತ್ತದೆ, ಗಾಳಿ ಮಾತ್ರ ಕಾರ್ಬ್ ಹತ್ತಿರ ಬರುತ್ತದೆ. ಬಾಯಲ್ಲಿ ಈಗ 37 ಡಿಗ್ರಿ.

ನಿನ್ನೆ

ಎಡದವನ ಜೆಟ್‌ಗಳನ್ನು ಮೊದಲು ಬಲದವನ ಅಳತೆಗೇ ತಂದೆ. ತಣ್ಣನೆ ಗಾಳಿಗೆ ಎರಡೂ ಎಂಜಿನ್ 13ರ ಆಸುಪಾಸು (ತೂಕದಲ್ಲಿ ಒಂದು ಪಾಲು ಪೆಟ್ರೋಲ್‌ಗೆ ಇಷ್ಟು ಪಾಲು ಗಾಳಿ) ತೋರಿಸಿದವು. ಅದು ನನಗೆ ಲೀನ್ ಅನ್ನಿಸಿ ಎರಡಕ್ಕೂ ಎರಡು ನಂಬರ್ ಏರಿಸಿದೆ. ಈಗ ಪೂರ್ತಿ ಥ್ರಾಟಲ್‌ನಲ್ಲಿ 12.4, 12.5. ಮುಚ್ಚಳ ಹಾಕಿಯೇ ಬಲದವನು 5090, ಎಡದವನು 5080. ಪ್ಲಗ್ ಎರಡೂ ಕಡೆ ಒಂದೇ ಬಣ್ಣ.

ಉಳಿದಿರುವುದು 3000ದ ಹತ್ತಿರ ಥ್ರಾಟಲ್ ತಳ್ಳಿದಾಗ ಬರುವ ಒಂದು ಸಣ್ಣ ತಡವರಿಕೆ. ಐಡಲ್ ವ್ಯಾಕ್ಯೂಮ್ 11 ಇಂಚು ಇದೆ, ಕಾರ್ಬ್ ಜೊತೆ ಬಂದ ಪವರ್ ವಾಲ್ವ್ (ವ್ಯಾಕ್ಯೂಮ್ ಇಳಿದಾಗ ತೆರೆದು ಹೆಚ್ಚು ಪೆಟ್ರೋಲ್ ಬಿಡುವುದು) 6.5. ಐಡಲ್ ವ್ಯಾಕ್ಯೂಮಿನ ಅರ್ಧ ಅನ್ನುವ ಲೆಕ್ಕದಲ್ಲಿ 5.5 ಬೇಕು. ಆದರೆ ಮೊದಲು ಆಕ್ಸಿಲರೇಟರ್ ಪಂಪಿನ (ಥ್ರಾಟಲ್ ತಳ್ಳಿದ ಕ್ಷಣ ಪೆಟ್ರೋಲ್ ಚಿಮ್ಮಿಸುವುದು) ಲಿವರ್ ನೋಡುತ್ತೇನೆ. ಬಲಗಡೆಯದ್ದು ಸ್ವಲ್ಪ ಸಡಿಲ ಇದ್ದ ಹಾಗಿದೆ.